ಇವ್ಳೇ, ಫ್ಯಾನು

ಗುಬ್ಬಿಯ ಗಂಗಾಧರ ರೆಗ್ಗೆ ಡಿಜೆ ಆಗಿದ್ದ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ನಾವೂ ಮೊದಮೊದಲು ನಕ್ಕವರೇ. ರೆಗ್ಗೆ ಹಾಡು ಹುಟ್ಟಿದ ಜಮೈಕಾ ಎಲ್ಲಿ, ಗುಬ್ಬಿ ಎಲ್ಲಿ! ಆದರೆ ತುಮಕೂರಿನಿಂದ ಕುಣಿಗಲ್‌ವರೆಗೆ ಸುಮಾರು ಇಪ್ಪತ್ತು ವರ್ಷ ಯಾವ ಆರತಕ್ಷತೆಯಲ್ಲಿ, ಯಾವ ಗಣೇಶನ ಮೆರವಣಿಗೆಯಲ್ಲಿ ಅವನ ದನಿ ಕೇಳಿರಲಿಲ್ಲ ಹೇಳಿ. ಅವನು ಸತ್ತ ಮೇಲೂ ಕೇಳುತ್ತಲೇ ಇದೆ. ಸಂಕಟ ಇರುವುದು ಅದರಲ್ಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ಕಡೆ ಡಿಜೆ ಎಂದರೆ ಲಾರಿಯ ಮೇಲೆ ಪೇರಿಸಿದ ಬಾಕ್ಸುಗಳು, ಕಣ್ಣಿಗೆ ಹೊಡೆಯುವ ಲೈಟು, ಎದೆ ಒಡೆದುಹೋಗುವ ಸದ್ದು. ರೆಗ್ಗೆಯವರಿಗೆ ಡಿಜೆ ಎಂದರೆ ಪೆಟ್ಟಿಗೆಯಲ್ಲ, ಮನುಷ್ಯ. ಬರೀ ತಾಳ ಓಡುತ್ತಿರುತ್ತದೆ. ಆ ತಾಳದ ಮೇಲೆ ಪ್ರಾಸ ಕಟ್ಟಿ ಮಾತು ಕೂರಿಸುವವನೇ ಡಿಜೆ. ತಾಳ ಹಾಕುವವನಿಗೆ ಅವರು ಸೆಲೆಕ್ಟರ್ ಅನ್ನುತ್ತಾರಂತೆ. ಆ ಲೆಕ್ಕದಲ್ಲಿ ಗಂಗಾಧರ ಡಿಜೆ, ನಾನು ಸೆಲೆಕ್ಟರ್. ನನ್ನ ಹೆಸರು ಚನ್ನೇಶ್. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮಪ್ಪ ಅಡವಿಯಪ್ಪನವರ ಕಾಲದ ಮೈಕ್ ಸೆಟ್ ಅಂಗಡಿ ನನ್ನದು. ಸೆಲೆಕ್ಟರ್ ಎಂದು ಬೋರ್ಡು ಹಾಕಿಸೋಣ ಎಂದಾಗ ನಮ್ಮಪ್ಪ, "ಎಲೆಕ್ಷನ್ ಗಿಲೆಕ್ಷನ್ ಅನ್ಕತಾರೆ, ಬೇಡ ಬುಡು" ಎಂದಿದ್ದರು.

ಗಂಗಾಧರನಿಗೆ ಉಗ್ಗು ಇತ್ತು. ಇದನ್ನು ಅವನ ಅಭಿಮಾನಿಗಳು ಯಾರೂ ನಂಬುವುದಿಲ್ಲ. ಮೈಕ್ ಹಿಡಿದರೆ ಕಡಲೆಕಾಯಿ ಹುರಿದ ಹಾಗೆ ಮಾತು ಸಿಡಿಸುತ್ತಿದ್ದವನು, ಮೈಕ್ ಇಟ್ಟ ಮೇಲೆ ಒಂದು ಲೋಟ ಕಾಫಿ ಕೇಳಲು ಒದ್ದಾಡುತ್ತಿದ್ದ. ಕಕಾರ ಬಂತೆಂದರೆ ಮುಗಿಯಿತು. ಸ್ಕೂಲಿನಲ್ಲಿ ಕನ್ನಡ ಮೇಷ್ಟರು ಎಬ್ಬಿಸಿ ನಿಲ್ಲಿಸಿದರೆ ಗಂಟಲಿನ ನರ ಉಬ್ಬುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹುಡುಗರು ನಗುತ್ತಿದ್ದರು. ನಾನೂ ಅದೇ ಬೆಂಚಿನಲ್ಲಿದ್ದೆ.

ಅವನಿಗೆ ಮಾತು ಕಲಿಸಿದ್ದು ಅವರವ್ವ ಚಿಕ್ಕಗಂಗಮ್ಮ. ನಮ್ಮಲ್ಲಿ ಮದುವೆಯಾಗಿ ಬಂದ ಹೆಣ್ಣು ಗಂಡನ ಹೆಸರು ಸುಮ್ಮನೆ ಹೇಳುವ ಹಾಗಿಲ್ಲ. ಹೊಸಿಲು ದಾಟುವಾಗ ನಾದಿನಿ ಬಾಗಿಲು ತಡೆಯುತ್ತಾಳೆ. ಆಗ ಒಗಟು ಕಟ್ಟಿ, ಪ್ರಾಸದೊಳಗೆ ಹೆಸರು ಸೇರಿಸಿ ಹೇಳಬೇಕು. ಗಂಡೂ ಹೆಂಡತಿಯ ಹೆಸರು ಹಾಗೇ ಹೇಳಬೇಕು. ಹೇಳಿದ ಮೇಲೆಯೇ ಒಳಕ್ಕೆ ದಾರಿ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಒಗಟು ಕಟ್ಟಿಕೊಡುತ್ತಿದ್ದವಳು ಚಿಕ್ಕಗಂಗಮ್ಮನೇ. ರಾಗಿ ಬೀಸುತ್ತ ಕಟ್ಟುತ್ತಿದ್ದಳು. ಮಗ ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ತಾನೂ ಕೈ ಹಾಕಿ, ಸುತ್ತಿಗೊಂದು ಮಾತು ಜೋಡಿಸುತ್ತಿದ್ದ. ಕಲ್ಲು ತಿರುಗುತ್ತಿರುವವರೆಗೆ ಉಗ್ಗು ಬರುತ್ತಿರಲಿಲ್ಲ. ಕಲ್ಲು ನಿಂತರೆ ಇವನೂ ನಿಂತ.

ಹತ್ತನೇ ಕ್ಲಾಸು ಎರಡು ಸಲ ಡುಮ್ಕಿ ಹೊಡೆದ ಮೇಲೆ ತುಮಕೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಸೇರಿದ. ಅಲ್ಲಿಗೆ ಒಂದು ದಿನ ಇಂಜಿನಿಯರಿಂಗ್ ಓದುತ್ತಿದ್ದ ಆಫ್ರಿಕಾದ ಹುಡುಗನೊಬ್ಬ ಟೇಪ್‌ರೆಕಾರ್ಡರ್ ತಂದ. ಕ್ಯಾಸೆಟ್ ಒಳಗೇ ಸುತ್ತಿಕೊಂಡಿತ್ತು. ಗಂಗಾಧರ ಅದನ್ನು ಬಿಡಿಸಿ, ಪೆನ್ಸಿಲ್‌ನಲ್ಲಿ ಸುತ್ತಿ, ಸರಿಯಾಯಿತಾ ಎಂದು ಹಾಕಿ ನೋಡಿದ. ಬೀಳಬೇಕಾದ ಕಡೆ ಪೆಟ್ಟು ಬೀಳದೆ, ಸುಮ್ಮನಿರಬೇಕಾದ ಕಡೆ "ಚಕ್" ಎನ್ನುವ ತಾಳ. ಅದರ ಮೇಲೆ ಯಾರೋ ಪುಣ್ಯಾತ್ಮ ಹಾಡದೆ, ಬರೀ ಮಾತಾಡುತ್ತಿದ್ದ. ಗಂಗಾಧರ ಅವತ್ತು ಊಟಕ್ಕೇ ಏಳಲಿಲ್ಲವಂತೆ. ಮಾರನೆಯ ದಿನ ನನ್ನ ಅಂಗಡಿಗೆ ಓಡಿಬಂದ.

"ಲೋ ಚನ್ನ, ಜ-ಜಮೈಕಾದೋರೂ ರಾಗಿ ಬೀಸ್ತಾರೆ ಕಣ್ಲಾ!"

"ಏನ್ಲಾ ಅದು?"

"ಅವ್ವ ಬೀಸೋವಾಗ ಅರ್ಧ ಸುತ್ತಿಗೆ ಕ-ಕಲ್ಲು ಕಿರುಗುಡ್ತದಲ್ಲ, ಇದು ಅದೇಯ. ಕೇಳ್ ನೋಡು."

ಕೇಳಿದೆ. ಹೌದೆನ್ನಿಸಿತು. ಆ ಆಫ್ರಿಕಾದ ಹುಡುಗ ಒಳ್ಳೆಯವನು. ಬರೀ ತಾಳವಿರುವ ನಾಲ್ಕೈದು ಕ್ಯಾಸೆಟ್ಟು ಕೊಟ್ಟು, ಡಿಜೆ ಎಂದರೆ ಯಾರು, ಸೆಲೆಕ್ಟರ್ ಎಂದರೆ ಯಾರು ಎಂದೆಲ್ಲ ಅವನೇ ಬಿಡಿಸಿ ಹೇಳಿದ್ದು. ಓದು ಮುಗಿಸಿ ಊರಿಗೆ ಹೋದವನು ಆಮೇಲೆ ಎಲ್ಲಿದ್ದಾನೋ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಾರದು, ಗುಬ್ಬಿಯಲ್ಲಿ ತಾನೇನು ಬಿಟ್ಟುಹೋದೆ ಎಂದು.

ಮೊದಲ ಪ್ರೋಗ್ರಾಂ ಗುಬ್ಬಿಯದೇ ಒಂದು ಆರತಕ್ಷತೆ. ಆರ್ಕೆಸ್ಟ್ರಾದವರು ಕೈಕೊಟ್ಟಿದ್ದರು, ಹೆಣ್ಣಿನ ಕಡೆಯವರು ನನ್ನ ಜುಟ್ಟು ಹಿಡಿಯುವುದೊಂದು ಬಾಕಿ. ಗಂಗಾಧರ ಹೆದರಿಕೊಂಡೇ ಮೈಕ್ ತೆಗೆದುಕೊಂಡ. ನಾನು ತಾಳ ಹಾಕಿದೆ. ಮುಂದಿನ ಸಾಲಿನಲ್ಲಿ ಹೆಣ್ಣಿನ ಸೋದರಮಾವ ದೊಡ್ಡರಂಗಯ್ಯ ಎಂಬುವರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

"ದೊಡ್ಡರಂಗಯ್ಯ, ದೊಡ್ಡರಂಗಯ್ಯ,
ಸೊಸೆ ಮದ್ವೇಲಿ ಕೂತ್ರೆ ಹೆಂಗಯ್ಯ?
ಬಾಯಿ ಕೆಂಪಾಯ್ತು, ಕಾಲ್ಯಾಕೆ ತಣ್ಣಗೆ,
ಪಂಚೆ ಬಿಗಿಯಾಗಿ ಕಟ್ಟಯ್ಯ!"

ಆ ಮುದುಕ ಎದ್ದೇಬಿಟ್ಟರು! ಪಂಚೆ ಎತ್ತಿಕಟ್ಟಿ ಕುಣಿದರು. ಛತ್ರಕ್ಕೆ ಛತ್ರವೇ ಎದ್ದಿತು. ಒಂದಕ್ಷರ ಉಗ್ಗಲಿಲ್ಲ ನಮ್ಮ ಹುಡುಗ. ಕೆಳಗಿಳಿದು ಬಂದವನೇ ಮೈಕನ್ನು ನನ್ನ ಕೈಗೆ ತುರುಕಿದ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಆಂಪ್ಲಿಫೈಯರ್ ಶಾಖಕ್ಕೆ ಎಂದು ಸುಳ್ಳು ಹೇಳಿದೆ.

ಅಲ್ಲಿಂದ ಹೆಸರು ಕೂಗುವುದೇ ಅವನ ಕಸುಬಾಯಿತು. ಪ್ರೋಗ್ರಾಂ ಶುರುವಾಗುವ ಮುಂಚೆ ಅಡುಗೆಮನೆಗೆ ಹೋಗಿ, ತರಕಾರಿ ಹೆಚ್ಚುವ ಹೆಂಗಸರ ಹತ್ತಿರ ಕೂರುತ್ತಿದ್ದ. ಅತ್ತೆ ಯಾರು, ಮಾವ ಯಾರು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ತಿಳಿದುಕೊಂಡು ಬರುತ್ತಿದ್ದ. ಮುನಿಸಿಕೊಂಡ ಅಣ್ಣತಮ್ಮಂದಿರನ್ನು ಒಂದೇ ಪ್ರಾಸಕ್ಕೆ ಕಟ್ಟಿ ಕರೆದರೆ ಇಬ್ಬರೂ ಎದ್ದು ಬರಲೇಬೇಕು. ವಸಂತನರಸಾಪುರದ ಫ್ಯಾಕ್ಟರಿಗಳ ಆಯುಧಪೂಜೆಗೆ ನಮ್ಮದೇ ಸೆಟ್ಟು. ಮ್ಯಾನೇಜರನ ಹೆಸರಿಗಿಂತ ಮುಂಚೆ ಗೇಟಿನ ವಾಚ್‌ಮನ್ ಹೆಸರು ಕೂಗುತ್ತಿದ್ದ. ಬ್ಯಾನರ್ ಮಾಡುವವನು ಮಾತ್ರ ಇವನ ಬೋಳುತಲೆಗೆ ಜಮೈಕಾದ ಹಾಡುಗಾರರ ಹಾಗೆ ಮೊಳದುದ್ದದ ಜಡೆ ಅಂಟಿಸಿ ಪ್ರಿಂಟ್ ಹಾಕುತ್ತಿದ್ದ. ರೆಗ್ಗೆ ಎಂದಮೇಲೆ ಗಾಂಜಾ ಇರಲೇಬೇಕೆಂದು ಪೊಲೀಸರು ಒಮ್ಮೆ ಟೆಂಪೋ ಜಾಲಾಡಿದರು. ಸಿಕ್ಕಿದ್ದು ಎಲೆ, ಅಡಿಕೆ, ಹೊಗೆಸೊಪ್ಪು. ಆ ಹೊಗೆಸೊಪ್ಪನ್ನು ಅವತ್ತೇ ಅವರು ಕಿತ್ತುಕೊಂಡು ಹೋಗಬಾರದಿತ್ತೇ ಎಂದು ಈಗ ಅನ್ನಿಸುತ್ತದೆ.

ಮದುವೆಯಾಗಿದ್ದು ಹೆಬ್ಬೂರಿನ ಕೋಮಲಾಳನ್ನು. ಬ್ಲೌಸ್ ಹೊಲಿಯುವ ಹುಡುಗಿ, ಮಾತು ಕಮ್ಮಿ, ಮುಖದಲ್ಲಿ ನಗು. ಹೆಣ್ಣು ತುಂಬಿಸಿಕೊಳ್ಳುವ ದಿನ ಇವನ ತಂಗಿ ಶಿಲ್ಪಾ ಬಾಗಿಲಿಗೆ ಅಡ್ಡ ನಿಂತಳು. ಬೀದಿ ಪೂರ್ತಿ ಜನ. ಡಿಜೆ ಗಂಗಾಧರ ಹೆಂಡತಿಯ ಹೆಸರು ಹೇಗೆ ಹೇಳುತ್ತಾನೆ ಎಂದು ನೋಡುವುದಕ್ಕೇ ಬಂದಿದ್ದರು. ಮೊದಲು ಕೋಮಲಾ ಹೇಳಿದಳು, ತಲೆ ತಗ್ಗಿಸಿ, ಆದರೆ ಸ್ಪಷ್ಟವಾಗಿ:

"ಹೆಬ್ಬೂರ್ ಸಂತೇಲಿ ತಂದೆ ಹಸಿರು ಬಳೆ,
ಗಂಗಾಧರ್ ಅವ್ರ ಹೆಸ್ರು ಹೇಳಿದ್ರೆ ಬರ್ಲಿ ಮಳೆ."

ಜನ ಓ ಎಂದರು. ಇನ್ನು ಇವನ ಸರದಿ. ಇವನು ಬಾಯಿ ತೆರೆದ. ಕಕಾರ. ಗಂಟಲಿನ ನರ ಉಬ್ಬಿತು. "ಕೋ... ಕೋ..." ಎಂದ. ಮುಂದಕ್ಕೆ ಹೋಗಲಿಲ್ಲ. ಮೈಕಿಲ್ಲ, ತಾಳವಿಲ್ಲ, ಬೀಸುವ ಕಲ್ಲಿಲ್ಲ. ಹಿಂದೆ ಯಾರೋ ಕೋಳಿ ಕೂಗಿದ ಹಾಗೆ ಅಣಕಿಸಿದರು. ಎಲ್ಲರೂ ನಕ್ಕರು. ಕೋಮಲಾ ನಗಲಿಲ್ಲ, ಅವನ ಕೈ ಹಿಡಿದುಕೊಂಡಿದ್ದವಳು ಹಿಡಿತ ಬಿಗಿ ಮಾಡಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ರಾಹುಕಾಲ ಬರುತ್ತದೆಂದು ಹಿರಿಯರು ಗದರಿದರು.

"ಹೋಗ್ಲಿ ಬಾ ಅಣ್ಣ, ಬಾಕಿ ಇಟ್ಕ. ಯಾವತ್ತಾದ್ರೂ ಹೇಳಿಸ್ದೇ ಬುಡಾಕಿಲ್ಲ" ಎಂದು ಶಿಲ್ಪಾ ದಾರಿ ಬಿಟ್ಟಳು.

ಆ ಬಾಕಿ ಹಾಗೇ ಉಳಿಯಿತು. ಮನೆಯಲ್ಲಿ ಅವನು ಹೆಂಡತಿಯನ್ನು "ಇವ್ಳೇ" ಎಂದೇ ಕರೆಯುತ್ತಿದ್ದ. ಅದೇನು ದೊಡ್ಡ ವಿಷಯವಲ್ಲ, ನಮ್ಮಲ್ಲಿ ಮುಕ್ಕಾಲು ಗಂಡಸರು ಹಾಗೇ. ಆದರೆ ಇವನು ಊರಿನವರ ಹೆಸರನ್ನೆಲ್ಲ ಕೂಗುವವನು. ನಾನೇ ಎಷ್ಟೋ ಸಲ ಕೆಣಕಿದ್ದೇನೆ.

"ತಾಳ ಹಾಕ್ತೀನಿ, ಒಂದ್ ಸಲ ಕೂಗ್ಲಾ. ಸ್ಟೇಜ್ ಮೇಲೆ ನಿಂಗೆ ಉಗ್ಗೆಲ್ಲಿ ಬರ್ತದೆ?"

"ಥೂ, ಹೆಂಡ್ತಿ ಹೆಸ್ರನ್ನ ಮೈಕಲ್ಲಿ ಕೂ-ಕೂಗ್ತಾರೇನ್ಲಾ? ಜನ ಏನಂದಾರು!"

ನಾಚಿಕೆ. ಅವತ್ತು ಬಾಗಿಲಲ್ಲಿ ಎದ್ದ ನಗು ಅವನ ಕಿವಿಯಿಂದ ಹೋಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕೋಮಲಾ ಎಂದೂ ಕೇಳಲಿಲ್ಲ. ಮಕ್ಕಳಾಗಲಿಲ್ಲ ಅವರಿಗೆ. ಚಿಕ್ಕಗಂಗಮ್ಮನೂ ಹೋದಳು. ಇಬ್ಬರೇ ಉಳಿದರು, ಒಬ್ಬಳು ಮಿಷನ್ ತುಳಿದುಕೊಂಡು, ಒಬ್ಬನು ಪ್ರಾಸ ಕಟ್ಟಿಕೊಂಡು.

ಮಧ್ಯೆ ಒಂದು ಸಲ ಬೆಂಗಳೂರಿನ ಹೋಟೆಲೊಂದು ಕರೆಸಿತು. ನಾವು ಟೆಂಪೋ ತೊಳೆಸಿಕೊಂಡು ಹೋದೆವು. ಅಲ್ಲಿಯವರು ನಕಲಿ ಜಡೆ ಕೊಟ್ಟು ಹಾಕಿಕೊ ಎಂದರು. ಕನ್ನಡ ಬೇಡ, ಸುಮ್ಮನೆ ಏನಾದರೂ ಗುನುಗು ಎಂದರು. ಎದುರಿಗಿರುವವರ ಹೆಸರೇ ಗೊತ್ತಿಲ್ಲದೆ ಹೇಗೆ ಮಾತಾಡುವುದು ಎಂದು ಇವನು ಜಡೆ ಮಡಿಸಿಟ್ಟು ಎದ್ದ. ವಾಪಸ್ ಬರುವಾಗ ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ ತಿಂದೆವು. ನಮಗೆ ಬೇಜಾರೇನೂ ಆಗಲಿಲ್ಲ.

ಕಾಲ ಕಳೆದ ಹಾಗೆ ದೊಡ್ಡ ದೊಡ್ಡ ಸೆಟ್ಟುಗಳು ಬಂದವು. ಬೀದಿಗೊಬ್ಬ ಡಿಜೆ. ಮಾತು ಯಾರಿಗೂ ಬೇಡ, ಪೆನ್‌ಡ್ರೈವ್ ಚುಚ್ಚಿದರೆ ಸಾಕು. ನಮಗೆ ಪ್ರೋಗ್ರಾಂ ಕಮ್ಮಿಯಾಯಿತು. ಆದರೆ ಅದೇ ಸೆಟ್ಟಿನ ಹುಡುಗರು ಗಂಗಾಧರನ ಮನೆಗೆ ಬರತೊಡಗಿದರು. "ಅಣ್ಣ, ನಮ್ ಸಂಘದ ಹೆಸ್ರು ಹಾಕಿ ಒಂದ್ ಸ್ಪೆಷಲ್ ಮಾಡ್ಕೊಡಿ" ಎನ್ನುತ್ತಿದ್ದರು. ಅಂದರೆ ಆಯಾ ಊರಿನ ಗೆಳೆಯರ ಬಳಗದ ಹೆಸರು, ಮುಖಂಡರ ಹೆಸರು ಸೇರಿಸಿ ತಾಳದ ಮೇಲೆ ಹೇಳಿ ರೆಕಾರ್ಡ್ ಮಾಡಿಕೊಡುವುದು. ಅದನ್ನು ಅವರು ಮೆರವಣಿಗೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಇವನಿಗೆ ಅದೇ ಖುಷಿ. ಮನೆಯ ಹಜಾರಕ್ಕೆ ಅಡ್ಡಗೋಡೆ ಕಟ್ಟಿ, ಗೋಡೆಗೆ ಹಳೆಯ ಹಾಸಿಗೆ ಹೊಡೆದು, ಒಂದು ಮೈಕು, ಒಂದು ಕಂಪ್ಯೂಟರ್ ಇಟ್ಟು ರೂಮು ಮಾಡಿಕೊಂಡ.

ಆ ಅಡ್ಡಗೋಡೆಯಲ್ಲಿ ಒಂದು ಎಡವಟ್ಟಾಯಿತು. ಫ್ಯಾನು ರೂಮಿನ ಒಳಗೆ ಉಳಿಯಿತು, ಅದರ ಸ್ವಿಚ್ಚು ಗೋಡೆಯಾಚೆ ಅಡುಗೆಮನೆಯ ಕಡೆ ಹೋಯಿತು. ರೆಕಾರ್ಡ್ ಮಾಡುವಾಗ ಫ್ಯಾನು ತಿರುಗಬಾರದು, ಸದ್ದು ಸೇರಿಕೊಳ್ಳುತ್ತದೆ. ಹಾಗಾಗಿ ಪ್ರತಿ ಸಲವೂ ಇವನು ಮೈಕಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ರೆಕಾರ್ಡ್ ಗುಂಡಿ ಒತ್ತಿದ ಮೇಲೆ ನೆನಪಾಗಿ ಕೂಗುತ್ತಿದ್ದ:

"ಇವ್ಳೇ, ಫ್ಯಾನು."

ಮಿಷನ್ ಸದ್ದು ನಿಲ್ಲುತ್ತಿತ್ತು. ಕೋಮಲಾ ಎದ್ದು ಹೋಗಿ ಸ್ವಿಚ್ ಆರಿಸುತ್ತಿದ್ದಳು. ಇವನು ಕೆಲಸ ಮುಗಿಸುವವರೆಗೆ ಹೊಲಿಗೆ ಬಿಟ್ಟು ಅಲ್ಲೇ ಸ್ವಿಚ್ಚಿನ ಹತ್ತಿರ ನಿಂತಿರುತ್ತಿದ್ದಳು. ಬೇಸಿಗೆಯಲ್ಲಿ ಒಳಗೆ ಇವನು ಬೆವರಿ ತೊಪ್ಪೆಯಾಗುತ್ತಿದ್ದ. ಮುಗಿದ ತಕ್ಷಣ ಅವಳಿಗೆ ಹೇಗೋ ಗೊತ್ತಾಗುತ್ತಿತ್ತು, ಫ್ಯಾನು ತಿರುಗುತ್ತಿತ್ತು.

"ಎಲೆಕ್ಟ್ರಿಕ್ ಕೆಲಸ ಬಲ್ಲೋನು ನೀನು. ಒಂದ್ ಸ್ವಿಚ್ ಈ ಕಡೆ ಹಾಕ್ಕಳಕ್ಕೆ ಏನ್ಲಾ ಧಾಡಿ?" ಎಂದು ನಾನು ಬೈದಿದ್ದೇನೆ.

"ಇರ್ಲಿ ಬುಡ್ಲಾ" ಎಂದು ನಕ್ಕ, ಅಷ್ಟೇ.

ಕೆಲಸದಲ್ಲಿ ಮಾತ್ರ ಶುದ್ಧ. ರೆಕಾರ್ಡ್ ಮುಗಿದ ಕೂಡಲೇ ಶುರುವಿನ ಆ ತುಂಡನ್ನು, ಅವನ ಭಾಷೆಯಲ್ಲಿ "ವೇಸ್ಟು", ಕತ್ತರಿಸಿ ಎಸೆಯುತ್ತಿದ್ದ. ಫ್ಯಾನಿನ ಸದ್ದು, "ಇವ್ಳೇ, ಫ್ಯಾನು", ಅವಳ ಹೆಜ್ಜೆ, ಸ್ವಿಚ್ಚಿನ ಟಕ್, ಎಲ್ಲ ಹೋಗಿ, ಸ್ಪೆಷಲ್ ನೇರವಾಗಿ ತಾಳದಿಂದ ಶುರುವಾಗಬೇಕು. ಸಾವಿರ ಸಲ ಹೀಗೆ ಕತ್ತರಿಸಿದ್ದಾನೋ ಏನೋ.

ನಾಲ್ಕು ವರ್ಷದ ಹಿಂದೆ ಅವನ ದನಿ ಒಡೆಯಿತು. ಗೊಗ್ಗರಾಯಿತು. ನಮ್ಮಂಥ ಮುಠ್ಠಾಳರು ಇನ್ನೆಲ್ಲೂ ಸಿಗುವುದಿಲ್ಲ. ನಾವು ಅದನ್ನು ಮೆಚ್ಚಿದೆವು! "ಅಣ್ಣ, ವಾಯ್ಸ್ ಈಗ ಸಖತ್ ಬೇಸ್ ಬಂದೈತೆ, ಒರಿಜಿನಲ್ ಜಮೈಕಾ" ಎಂದು ಹುಡುಗರು ಹೊಗಳಿದರು. ಹೆಬ್ಬೂರಿನ ಸೆಟ್ಟಿನವರು ಹಳೆಯ ಸ್ಪೆಷಲ್ ಬೇಡ, ಗೊಗ್ಗರು ದನಿಯಲ್ಲೇ ಹೊಸದು ಬೇಕು ಎಂದು ಬಂದರು. ಇವನೂ ಹಿಗ್ಗಿದ. ಕೋಮಲಾ ಒಬ್ಬಳೇ, "ಅಣ್ಣ, ಅವ್ರಿಗೆ ಮುದ್ದೆ ನುಂಗಕ್ಕಾಯ್ತಿಲ್ಲ. ಆಸ್ಪತ್ರೆಗೆ ಕರ್ಕಂಡೋಗಿ" ಎಂದು ನನ್ನ ಅಂಗಡಿಯವರೆಗೆ ಬಂದು ಹೇಳಿದಳು. ಸೀಸನ್ ಮುಗಿಯಲಿ ಎಂದೆವು. ಗಣೇಶ ಮುಗಿಯಿತು, ರಾಜ್ಯೋತ್ಸವ ಮುಗಿಯಿತು, ಮದುವೆಗಳು ಬಂದವು. ತುಮಕೂರಿನ ಡಾಕ್ಟರು ಕೊನೆಗೆ ನೋಡಿದಾಗ ತಲೆಯಾಡಿಸಿ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿಯವರು ಇನ್ನೂ ನೇರವಾಗಿ ಹೇಳಿದರು. ಗಂಟಲಲ್ಲಿ ಗಡ್ಡೆ. ಪ್ರಾಣ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಮಾತು ಇರುವುದಿಲ್ಲ.

ಆಪರೇಷನ್ನಿಗೆ ಕೆಲವು ದಿನ ಇತ್ತು. ಸುದ್ದಿ ಹರಡಿತು. ನಾನು ಜನರನ್ನು ಬೈಯುವುದಿಲ್ಲ, ಅವರು ಪ್ರೀತಿಯಿಂದಲೇ ಬಂದರು. ಗುಬ್ಬಿ, ಹೆಬ್ಬೂರು, ಯಡಿಯೂರು, ಕುಣಿಗಲ್, ಎಲ್ಲ ಕಡೆಯಿಂದ ಬಂದರು. "ಅಣ್ಣ, ದನಿ ಹೋಗೋಕ್ ಮುಂಚೆ ನಮ್ ಹೆಸ್ರು ಒಂದ್ಸಲ." ಮುಂದಿನ ವರ್ಷ ಮದುವೆ ನಿಶ್ಚಯವಾಗಿದ್ದವರು ಈಗಲೇ ಗಂಡುಹೆಣ್ಣಿನ ಹೆಸರು ಹೇಳಿಸಿಕೊಂಡರು. ಒಬ್ಬ ಮಹಾರಾಯ ತನ್ನ ಹೊಸ ಟ್ರ್ಯಾಕ್ಟರಿನ ಹೆಸರು ಹೇಳಿಸಿದ. ಇವನು ಯಾರಿಗೂ ಇಲ್ಲ ಎನ್ನಲಿಲ್ಲ. ಬೆಳಗಿನಿಂದ ಸಂಜೆವರೆಗೆ "ಇವ್ಳೇ, ಫ್ಯಾನು", "ಇವ್ಳೇ, ಫ್ಯಾನು". ಅವಳು ಎಲ್ಲರಿಗೂ ಟೀ ಕಾಸಿಕೊಟ್ಟು, ಸ್ವಿಚ್ಚಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ನನಗೆ ಹೊಟ್ಟೆ ಉರಿಯಿತು. ಆಸ್ಪತ್ರೆ ಸೇರುವ ಹಿಂದಿನ ಸಂಜೆ ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿ ಕೇಳಿದೆ:

"ಲೋ ಗಂಗ, ಅವ್ಳದು?"

ಅವನಿಗೆ ಅರ್ಥವಾಯಿತು. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಾಳೆ ಬೆಳಗ್ಗೆ. ಹೊ-ಹೊರಡೋಕ್ ಮುಂಚೆ. ಅದನ್ನ ಕೊ-ಕೊನೇಗ್ ಇಟ್ಕಂಡಿವ್ನಿ. ಅವ್ಳಿಗೆ ಹೇಳ್ಬೇಡ."

ಬೆಳಿಗ್ಗೆ ನಾನು ಕಾರು ತೆಗೆದುಕೊಂಡು ಹೋಗುವಷ್ಟರಲ್ಲಿ ಬೀದಿಯಲ್ಲಿ ಜನ. ರೂಮಿನಲ್ಲಿ ಮೈಕಿನ ಮುಂದೆ ಕೂತಿದ್ದ ಹಾಗೇ ಉಸಿರು ಕಟ್ಟಿತ್ತಂತೆ. ಬಾಯಲ್ಲಿ ರಕ್ತ. ತುಮಕೂರಿನಲ್ಲಿ ಕುತ್ತಿಗೆಗೆ ತೂತು ಕೊರೆದು ಉಸಿರಿಗೆ ದಾರಿ ಮಾಡಿದರು, ಅಲ್ಲಿಂದ ಆಂಬುಲೆನ್ಸಿನಲ್ಲೇ ಬೆಂಗಳೂರು. ಅವತ್ತಿಗೆ ಅವನ ಮಾತು ನಿಂತಿತು.

ಆಮೇಲೆ ವರ್ಷಕ್ಕಿಂತ ಹೆಚ್ಚು ಬದುಕಿದ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದ. ಹೆಂಡತಿ ಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದ, ಅದೂ ಆ ರೆಗ್ಗೆ ತಾಳದಲ್ಲೇ. ಅವಳು ಬರುತ್ತಿದ್ದಳು. ಆಗಾಗ ಅವಳ ಮುಖ ನೋಡಿ ತುಟಿ ಆಡಿಸುತ್ತಿದ್ದ, ನೀರು ಬೇಕೇನೋ ಎಂದು ಅವಳು ಲೋಟ ಹಿಡಿದರೆ ತಲೆ ಅಡ್ಡ ಅಲ್ಲಾಡಿಸಿ ಅಳುತ್ತಿದ್ದ. ಅವನು ಏನು ಹೇಳಲು ನೋಡುತ್ತಿದ್ದ ಎಂದು ನನಗೆ ಗೊತ್ತಿತ್ತು. ಹೇಳಬೇಡ ಎಂದಿದ್ದ, ನಾನು ಹೇಳಲಿಲ್ಲ. ಗಡ್ಡೆ ಮತ್ತೆ ಕಾಣಿಸಿಕೊಂಡಿತು. ಕಳೆದ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಹೋಗಿಬಿಟ್ಟ. ನನ್ನ ಜೊತೆ ಬೆಂಚಿನಲ್ಲಿ ಕೂತಿದ್ದವನು ಹೋದ. ಅಂಗಡಿ ಬಾಗಿಲು ತೆರೆಯಲು ಬಹಳ ದಿನ ಮನಸ್ಸೇ ಬರಲಿಲ್ಲ.

ಅದೇ ವರ್ಷ ಗಣೇಶ ಬಂದ. ಗುಬ್ಬಿಯ ಬೀದಿಬೀದಿಯಲ್ಲಿ ಲಾರಿಗಳು, ಎಲ್ಲ ಲಾರಿಯಲ್ಲೂ ಗಂಗಾಧರನ ದನಿ. ಶಿವರಾಮಯ್ಯನನ್ನು ಕರೆಯಿತು, ಜಯಪ್ರಕಾಶನನ್ನು ಕರೆಯಿತು, ದೊಡ್ಡಪೇಟೆ ಹುಡುಗರನ್ನು, ಆ ಟ್ರ್ಯಾಕ್ಟರನ್ನು. ಜನ ಹೋ ಎಂದು ಕುಣಿದರು. ಕೋಮಲಾ ಬಾಗಿಲ ಹೊಸಿಲಿನ ಒಳಗೆ ನಿಂತಿದ್ದಳು. ಮೆರವಣಿಗೆ ಪೂರ್ತಿ ಹಾದುಹೋಗುವವರೆಗೆ ನಿಂತಿದ್ದಳು. ಮಾರನೆಯ ದಿನ ಅಂಗಡಿಗೆ ಬಂದಳು.

"ಚನ್ನೇಶಣ್ಣ, ಎಲ್ಲಾರ್ ಹೆಸ್ರೂ ಅದೆ. ನಂದೇನಾರ ಎಲ್ಲಾದ್ರೂ ಅದ್ಯಾ, ಒಸಿ ನೋಡ್ತೀರಾ?"

ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅವನ ಕಂಪ್ಯೂಟರ್ ಅಂಗಡಿಗೆ ತಂದು ಕೂತೆ. ಬೆಳಿಗ್ಗೆ ಸಂಜೆ ಅದೇ ಕೆಲಸ. ಹೆಸರುಗಳೋ ಹೆಸರುಗಳು. ಸತ್ತವರು, ಬದುಕಿರುವವರು, ಊರು ಬಿಟ್ಟವರು. ಕೊನೆಗೆ ಸಿಕ್ಕಿತು! ಕುಣಿಗಲ್‌ನಲ್ಲಿ ಯಾವಾಗಲೋ ನಡೆದ ಆರತಕ್ಷತೆಯದು. ಮದುಮಗಳ ಹೆಸರೂ ಕೋಮಲಾ. ದನಿ ಒಡೆಯುವುದಕ್ಕೆ ಮುಂಚಿನದು, ಗಂಟೆ ಹೊಡೆದ ಹಾಗಿದೆ. ಬೇರೆಯವರ ಮಾತು, ಚಪ್ಪಾಳೆ ಎಲ್ಲ ತೆಗೆದು ಚೊಕ್ಕಟ ಮಾಡಿ, ಒಂದು ಪೆನ್‌ಡ್ರೈವು, ಒಂದು ಸಣ್ಣ ಸ್ಪೀಕರ್ ಹಿಡಿದು ಅವಳ ಮನೆಗೆ ಓಡಿದೆ. ಮಧ್ಯಾಹ್ನ. ಅವನ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ಅವನ ಕುರ್ಚಿಯಲ್ಲಿ ಕೂರದೆ ಅವಳು ನೆಲದ ಮೇಲೆ ಕೂತಳು. ಹಾಕಿದೆ.

"ಕೈತುಂಬ ಮೆಹಂದಿ, ಘಮ ಘಮ ಘಮ,
ಕೋಮಲಾ ಕೋಮಲಾ, ಒಸಿ ನಗಬಾರ್ದೇನಮ್ಮ!"

ಕಕಾರ ಒಂದಿಷ್ಟೂ ತಡವರಿಸಿರಲಿಲ್ಲ. ನಾನು ಗೆದ್ದವನ ಹಾಗೆ ಅವಳ ಮುಖ ನೋಡಿದೆ. ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದಳು.

"ಚೆನ್ನಾಗದೆ. ಆದ್ರೆ ಇದು ಆ ಮದ್ವೆ ಹುಡ್ಗೀನ್ ಕರ್ದಿದ್ದು ಕಣಣ್ಣ. ನನ್ನಲ್ಲ."

ಹೌದು. ನನ್ನ ಬುದ್ಧಿಗೆ ಅಷ್ಟೂ ಹೊಳೆದಿರಲಿಲ್ಲ. ಯಾರದೋ ಮೈಸೂರುಪಾಕನ್ನು ಪೊಟ್ಟಣ ಕಟ್ಟಿ ಇವಳಿಗೆ ತಂದುಕೊಟ್ಟಿದ್ದೆ. ಆಗ, ಇನ್ನು ಬಚ್ಚಿಟ್ಟು ಏನು ಮಾಡಲಿ ಎನ್ನಿಸಿ, ಹೇಳಿಬಿಟ್ಟೆ. ಆವತ್ತಿನ ಬೆಳಿಗ್ಗೆ ಅವನು ಕೂತದ್ದು ನಿನ್ನ ಹೆಸರು ಹೇಳುವುದಕ್ಕೇ, ಹೇಳಲಾಗಲಿಲ್ಲ, ಆ ರೆಕಾರ್ಡೂ ಕಂಪ್ಯೂಟರಿನಲ್ಲಿ ಸಿಕ್ಕಿ ಇದೇ ಪೆನ್‌ಡ್ರೈವಿನಲ್ಲಿದೆ, ಆದರೆ ಅದರಲ್ಲಿ ಹೆಸರಿಲ್ಲ ತಾಯಿ, ಅದಕ್ಕೇ ಕೇಳಿಸಲಿಲ್ಲ ಎಂದೆ. ಅವಳ ಕಣ್ಣು ತುಂಬಿತು.

"ಹಾಕಿ" ಎಂದಳು.

ಅದೊಂದನ್ನು ಅವನು ಕತ್ತರಿಸಿರಲಿಲ್ಲ. ಕತ್ತರಿಸಲು ಸಮಯ ಎಲ್ಲಿತ್ತು? ಹಾಕಿದೆ. ಮೊದಲು ಬರೀ ಫ್ಯಾನಿನ ಸದ್ದು. ಕುರ್ಚಿ ಎಳೆದದ್ದು. ಆಮೇಲೆ ಆ ಗೊಗ್ಗರು ದನಿ, ಪಕ್ಕದಲ್ಲೇ ಇದ್ದಾನೆ ಎನ್ನುವ ಹಾಗೆ:

"ಇವ್ಳೇ, ಫ್ಯಾನು."

ಕೋಮಲಾ ಎದ್ದಳು. ಏಳಬೇಕೆಂದು ಎದ್ದದ್ದಲ್ಲ, ಕಾಲುಗಳೇ ಎದ್ದುಕೊಂಡವು. ಗೋಡೆಯಾಚೆ ಹೋದಳು. ಸ್ಪೀಕರಿನಲ್ಲಿ ಟಕ್ ಎಂದಿತು, ಅಡುಗೆಮನೆಯಲ್ಲೂ ಟಕ್ ಎಂದಿತು. ನನ್ನ ತಲೆಯ ಮೇಲೆ ಫ್ಯಾನು ನಿಧಾನವಾಗುತ್ತ ನಿಂತಿತು. ತಾಳ ಶುರುವಾಯಿತು. ಅದರ ಮೇಲೆ ಅವನು, ಉಸಿರು ಎಳೆದೆಳೆದುಕೊಂಡು:

"ಹೆಬ್ಬೂರ್ ಸಂತೇಲಿ ಹಸಿರು ಬಳೆ,
ನೀ ಹೇಳ್ದೆ ಅವತ್ತು, ಬಂತು ಮಳೆ,
ಹೊಸ್ಲಲ್ಲಿ ನಾ ಉಳಿಸ್ಕಂಡ ಹೆಸ್ರು..."

ಕೆಮ್ಮು. ಒಂದು ಉಸಿರ ಎಳೆತ. ಮೈಕು ಬಿದ್ದು ವೈರು ಕಿತ್ತ ಸದ್ದು. ಅಷ್ಟೇ. ಆಮೇಲೆ ತಾಳವೊಂದೇ, ಹೆಸರು ಬೀಳಬೇಕಾದ ಜಾಗವನ್ನು ಬಿಟ್ಟು ಬಿಟ್ಟು, ತನ್ನ ಪಾಡಿಗೆ ತಿರುಗಿ ಮುಗಿಯಿತು. ನಾನು ಅಳು ತಡೆಯಲಾರದೆ ಮುಖ ಮುಚ್ಚಿಕೊಂಡಿದ್ದೆ. ಸೆಕೆಗೆ ನನ್ನ ಅಂಗಿ ಒದ್ದೆಯಾಗಿತ್ತು.

"ಅಷ್ಟೇ ಕೋಮಲಾ" ಎಂದೆ.

ಫ್ಯಾನು ಮತ್ತೆ ತಿರುಗತೊಡಗಿತು. ಅವಳು ಈಚೆಗೆ ಬರಲಿಲ್ಲ.

"ಮೊದ್ಲಿಂದ ಹಾಕಿ ಅಣ್ಣ" ಎಂದಳು. "ನಾನು ಇಲ್ಲೇ ನಿಂತಿರ್ತೀನಿ."